ಡೀಬಗ್ಗರ್ ನೋಡಿದಾಗಲೆಲ್ಲ ಬೈಟ್ ಮಾಯ: ಮೂರು ದಿನದ ನನ್ನ ಅನುಭವ

ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್ ಇರುವ ಒಂದು ಬೋರ್ಡ್, ಅದಕ್ಕೆ ಸೀರಿಯಲ್‌ನಲ್ಲಿ ಜೋಡಿಸಿದ ಒಂದು ಗ್ಯಾಸ್ ಸೆನ್ಸರ್. ಬೋರ್ಡ್ ಸೆಕೆಂಡಿಗೊಮ್ಮೆ ಕೇಳುತ್ತದೆ, ಸೆನ್ಸರ್ 9 ಬೈಟ್ ಉತ್ತರ ಕೊಡುತ್ತದೆ. ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಇಷ್ಟು ಸರಳ ಕೆಲಸದಲ್ಲಿ ಏನು ತಪ್ಪಾಗಬಹುದು ಅನ್ನಿಸುತ್ತದೆ ಅಲ್ವಾ? ಆದರೆ ಆಗಾಗ 9 ಬೈಟ್ ಬರಬೇಕಾದಲ್ಲಿ 4 ಬರುತ್ತಿತ್ತು, ಕೆಲವೊಮ್ಮೆ 3. ಕಾರಣ ಸಿಗಲು ಮೂರು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ಡೀಬಗ್ಗರ್‌ನಿಂದಲೇ (ಚಿಪ್‌ನಲ್ಲಿ ಓಡುವ ಕೋಡನ್ನು ಕಂಪ್ಯೂಟರ್‌ನಿಂದ ನಿಲ್ಲಿಸಿ ನೋಡುವ ಸಾಧನ) ಹುಟ್ಟಿದ ತೊಂದರೆಗಳಿಗೆ ಹೋಯಿತು. ಆ ಎರಡು ದಿನದ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಎದುರಾಗುವ ಸಾಧ್ಯತೆ ಹೆಚ್ಚು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಉತ್ತರ ಕಡಿಮೆ ಬಂದ ಕಡೆ ಒಂದು ಬ್ರೇಕ್‌ಪಾಯಿಂಟ್ ಇಟ್ಟೆ. ಕೋಡ್ ಅಲ್ಲಿ ಬಂದು ನಿಂತಿತು. ವೇರಿಯಬಲ್‌ಗಳನ್ನು ನೋಡುತ್ತಾ ಕೂತಿದ್ದೆ, ಮುಂದಿನ ಸಾಲಿಗೆ ಹೋಗೋಣ ಅಂತ ಒತ್ತಿದರೆ ಕೋಡ್ ಮೇನ್‌ನ ಆರಂಭದಲ್ಲಿತ್ತು. ಚಿಪ್ ರೀಸೆಟ್ ಆಗಿತ್ತು. ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲುವುದು ಪ್ರೊಸೆಸರ್ ಕೋರ್ ಮಾತ್ರ. ಕೋಡ್ ಎಲ್ಲಾದರೂ ಸಿಕ್ಕಿಕೊಂಡಿದೆಯಾ ಅಂತ ಕಾಯುವ ಸ್ವತಂತ್ರ ವಾಚ್‌ಡಾಗ್‌ಗೆ ತನ್ನದೇ ಕ್ಲಾಕ್ ಇದೆ, ಅದು ಎಣಿಸುತ್ತಲೇ ಇರುತ್ತದೆ, ಸಮಯ ಮುಗಿದಾಗ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಕೋರ್ ನಿಂತಾಗ ವಾಚ್‌ಡಾಗ್ ಕೂಡ ನಿಲ್ಲಲಿ ಅಂತ ಹೇಳುವುದಕ್ಕೆ ಡಿಬಿಜಿಎಂಸಿಯು ಎಂಬ ಡೀಬಗ್ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಅಂದರೆ ಹಾರ್ಡ್‌ವೇರ್‌ನ ಸ್ಥಿತಿ, ಸೆಟ್ಟಿಂಗ್ ಇರುವ ಚಿಕ್ಕ ಜಾಗ) ಒಂದು ಬಿಟ್ ಇದೆ. ಡೀಬಗ್ಗರ್ ಜೋಡಿಸುವ ಸ್ಕ್ರಿಪ್ಟ್‌ನಲ್ಲೇ ಅದನ್ನು ಸೆಟ್ ಮಾಡಿಟ್ಟೆ. ಟೈಮರ್‌ಗಳಿಗೂ ಇಂಥ ಬಿಟ್‌ಗಳಿವೆ. ಆದರೆ ಸೀರಿಯಲ್ ಪೋರ್ಟ್‌ಗೆ ಇಲ್ಲ! ಕೋರ್ ನಿಂತಿದ್ದರೂ ಬೈಟ್‌ಗಳು ಬರುತ್ತಲೇ ಇರುತ್ತವೆ. ಇದನ್ನು ಆಗಲೇ ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದರೆ ಮುಂದಿನ ಒಂದು ದಿನ ಉಳಿಯುತ್ತಿತ್ತು.

ಈಗ ಬ್ರೇಕ್‌ಪಾಯಿಂಟನ್ನು ಸೀರಿಯಲ್ ಇಂಟರಪ್ಟ್‌ನ, ಅಂದರೆ ಬೈಟ್ ಬಂದಾಗ ತಾನಾಗಿ ಓಡುವ ಕೋಡ್‌ನ, ಮೊದಲ ಸಾಲಿಗೆ ತಂದೆ. ಪಕ್ಕದಲ್ಲಿ ಪೆರಿಫೆರಲ್ (ಸೀರಿಯಲ್ ಪೋರ್ಟ್‌ನಂಥ ಚಿಪ್‌ನ ಭಾಗಗಳ) ರಿಜಿಸ್ಟರ್‌ಗಳ ಕಿಟಕಿ ತೆರೆದಿಟ್ಟೆ. ಕೋಡ್ ನಿಂತಿತು. ಬೈಟ್ ಬಂದಿದೆ ಎಂದು ಹೇಳುವ ಆರ್‌ಎಕ್ಸ್‌ಎನ್‌ಇ ಬಿಟ್ ಕಿಟಕಿಯಲ್ಲಿ 1 ಇತ್ತು. ಸರಿ, ಒಂದು ಸಾಲು ಮುಂದೆ ಹೋದೆ. ಆ ಬಿಟ್ 1 ಆಗಿದೆಯಾ ಅಂತ ಕೇಳುವ ಇಫ್ ಸಾಲು ಅದು. ಕೋಡ್ ಇಫ್‌ನ ಒಳಗೆ ಹೋಗಲೇ ಇಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ. ಕಣ್ಣೆದುರು 1 ಇದೆ, ಕೋಡ್‌ಗೆ 0 ಕಾಣುತ್ತಿದೆ. ಕಂಪೈಲರ್ ಆಪ್ಟಿಮೈಸೇಶನ್ ಇರಬಹುದು ಅಂತ ಅದನ್ನು ಇಳಿಸಿ ನೋಡಿದೆ. ಬೆಲೆ ತಾನಾಗಿ ಬದಲಾಗಬಹುದು ಎಂದು ಕಂಪೈಲರ್‌ಗೆ ಹೇಳುವ ವೊಲಟೈಲ್ ಮರೆತಿದ್ದೇನಾ ಅಂತ ಸಾಲು ಸಾಲು ಓದಿದೆ. ಅಸೆಂಬ್ಲಿ ತೆಗೆದು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು.

ರೆಫರೆನ್ಸ್ ಮ್ಯಾನ್ಯುಯಲ್‌ನ ಒಂದು ಸಾಲಿನಲ್ಲಿ ಉತ್ತರ ಇತ್ತು: ಬಂದ ಬೈಟ್ ಇರುವ ಡೇಟಾ ರಿಜಿಸ್ಟರನ್ನು ಓದಿದರೆ ಆರ್‌ಎಕ್ಸ್‌ಎನ್‌ಇ ತಾನಾಗಿ 0 ಆಗುತ್ತದೆ. ಯಾರು ಓದಿದರು ಅನ್ನುವುದು ಹಾರ್ಡ್‌ವೇರ್‌ಗೆ ಲೆಕ್ಕಕ್ಕಿಲ್ಲ. ಕೋರ್ ನಿಂತ ಕೂಡಲೇ ಆ ಕಿಟಕಿ ತನ್ನಲ್ಲಿರುವ ಸಾಲುಗಳನ್ನು ತುಂಬಿಸಿಕೊಳ್ಳಲು ಎಲ್ಲ ರಿಜಿಸ್ಟರ್‌ಗಳನ್ನೂ ಒಂದೊಂದಾಗಿ ಓದುತ್ತಿತ್ತು. ಸ್ಟೇಟಸ್ ರಿಜಿಸ್ಟರ್ ಓದುವಾಗ 1 ಇತ್ತು, ಅದನ್ನೇ ತೋರಿಸಿತು. ಅದರ ಬೆನ್ನಿಗೇ ಡೇಟಾ ರಿಜಿಸ್ಟರ್ ಓದಿತು, ಬಿಟ್ ಅಳಿಸಿಹೋಯಿತು, ಬೈಟೂ ಹೋಯಿತು. ಒಂದು ಬೈಟಿನ ಮೇಲೆ ಇನ್ನೊಂದು ಬಂದು ಬಿತ್ತು ಎಂದು ಹೇಳುವ ಓವರ್‌ರನ್ ಬಿಟ್ ಕೂಡ ಹಾಗೆಯೇ, ಸ್ಟೇಟಸ್ ಓದಿ ಆಮೇಲೆ ಡೇಟಾ ಓದಿದರೆ ಅಳಿಯುತ್ತದೆ. ಅಂದರೆ ನಾನು ಹುಡುಕುತ್ತಿದ್ದ ಗುರುತನ್ನು ನಾನು ನೋಡುವ ಕಿಟಕಿಯೇ ಒರೆಸಿಹಾಕುತ್ತಿತ್ತು. ಇದು ಗೊತ್ತಾದಾಗ ಮೈ ಜುಮ್ಮೆಂದಿತು. ಅಷ್ಟು ಹೊತ್ತು ನೋಡಿದ್ದೆಲ್ಲವನ್ನೂ ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು.

ಸರಿ, ನಿಲ್ಲಿಸುವುದೇ ಬೇಡ, ಪ್ರಿಂಟ್ ಮಾಡೋಣ ಅಂದುಕೊಂಡೆ. ಇದ್ದ ಸೀರಿಯಲ್ ಪೋರ್ಟ್ ಸೆನ್ಸರ್‌ಗೆ ಹೋಗಿತ್ತು, ಹಾಗಾಗಿ ಸೆಮಿಹೋಸ್ಟಿಂಗ್ ಹಾಕಿದೆ. ಇದರಲ್ಲಿ ಪ್ರತಿ ಪ್ರಿಂಟ್‌ಗೂ ಕೋಡ್ ಒಂದು ಬ್ರೇಕ್‌ಪಾಯಿಂಟ್ ಸೂಚನೆಯನ್ನು ತಾನೇ ಓಡಿಸುತ್ತದೆ, ಕೋರ್ ನಿಲ್ಲುತ್ತದೆ, ಕಂಪ್ಯೂಟರ್ ಬಂದು ಅಕ್ಷರಗಳನ್ನು ಎತ್ತಿಕೊಂಡು ಹೋಗಿ ಮತ್ತೆ ಓಡಿಸುತ್ತದೆ. 9600 ಬಾಡ್‌ನಲ್ಲಿ ಒಂದು ಬೈಟ್‌ಗೆ ಸುಮಾರು 1.04 ಮಿಲಿಸೆಕೆಂಡ್. ಪ್ರಿಂಟ್ ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡರೆ ಮತ್ತೆ ಬೈಟ್ ಹೋಗುತ್ತದೆ, ಹಾಗೆಯೇ ಆಯಿತು. ಇನ್ನೊಂದು: ಕೇಬಲ್ ಕಿತ್ತು ಬೋರ್ಡ್ ಆನ್ ಮಾಡಿದರೆ ಏನೂ ಓಡಲಿಲ್ಲ. ಡೀಬಗ್ಗರ್ ಇಲ್ಲದಿರುವಾಗ ಆ ಸೂಚನೆ ಹಾರ್ಡ್‌ಫಾಲ್ಟ್ ಎಂಬ ಗಂಭೀರ ದೋಷಕ್ಕೆ ಹೋಗಿ ನಿಲ್ಲುತ್ತದೆ. ಡೀಬಗ್ಗರ್ ಜೊತೆ ಚೆನ್ನಾಗಿ ಓಡಿ ಅದಿಲ್ಲದಾಗ ಸತ್ತುಬೀಳುವ ಬೋರ್ಡ್ ಸಿಕ್ಕರೆ ನಾನು ಈಗ ಮೊದಲು ಹುಡುಕುವುದು ಕೋಡ್‌ನಲ್ಲಿ ಎಲ್ಲಾದರೂ ಸೆಮಿಹೋಸ್ಟಿಂಗ್ ಉಳಿದಿದೆಯಾ ಅಂತ.

ನಡುವೆ ಇನ್ನೊಂದು ಆಯಿತು, ಚಿಕ್ಕದಾಗಿ ಹೇಳುತ್ತೇನೆ. ಸೀರಿಯಲ್ ಭಾಗ ಮಾತ್ರ ಇರುವ ಹೊಸ ಪ್ರಾಜೆಕ್ಟ್ ಮಾಡಿದೆ, ಅದರಲ್ಲಿ ಡೀಬಗ್ ಆಯ್ಕೆಯನ್ನು ಆನ್ ಮಾಡಲಿಲ್ಲ. ಒಮ್ಮೆ ಬರೆದ ಮೇಲೆ ಚಿಪ್ ಡೀಬಗ್ಗರ್‌ಗೆ ಕಾಣಲೇ ಇಲ್ಲ. ಪಿಎ13 ಮತ್ತು ಪಿಎ14 ಪಿನ್‌ಗಳ ಮೂಲಕವೇ ಡೀಬಗ್ಗರ್ ಮಾತಾಡುವುದು, ಕೋಡ್ ಓಡಿದ ಕೂಡಲೇ ಅವನ್ನು ಮುಚ್ಚುತ್ತಿತ್ತು. ಚಿಪ್ ಹಾಳಾಗಿಲ್ಲ, ಗಾಬರಿ ಬೇಡ. ರೀಸೆಟ್ ಪಿನ್ನನ್ನೂ ಡೀಬಗ್ಗರ್‌ಗೆ ಜೋಡಿಸಿ, ರೀಸೆಟ್ ಹಿಡಿದುಕೊಂಡೇ ಕನೆಕ್ಟ್ ಆಗುವ ಆಯ್ಕೆ ಕೊಟ್ಟರೆ ಕೋಡ್ ಓಡುವ ಮೊದಲೇ ಕೋರ್ ಕೈಗೆ ಸಿಗುತ್ತದೆ. ಆ ತಂತಿ ಇಲ್ಲದಿದ್ದರೆ ಬೂಟ್0 ಪಿನ್ನನ್ನು 1ರ (ಹೈ) ಮಟ್ಟಕ್ಕೆ ತಂದು ರೀಸೆಟ್ ಮಾಡಿ, ಆಗ ಚಿಪ್ ನಿಮ್ಮ ಕೋಡ್ ಬಿಟ್ಟು ಒಳಗೆ ಮೊದಲೇ ಇರುವ ಬೂಟ್‌ಲೋಡರ್ ಎಂಬ ಪ್ರೋಗ್ರಾಮ್‌ಗೆ ಹೋಗುತ್ತದೆ.

ಮೂರನೇ ದಿನ ದಾರಿ ಬದಲಿಸಿದೆ. ಚಿಪ್ಪೇ ತನ್ನ ಕಥೆಯನ್ನು ತಾನೇ ಬರೆದಿಡಲಿ, ನಾನು ಆಮೇಲೆ ಓದುತ್ತೇನೆ ಅಂತ. ರ‍್ಯಾಮ್‌ನಲ್ಲಿ 64 ಸಾಲುಗಳ ಒಂದು ಅರೇ ಮಾಡಿದೆ, ಒಂದು ಸಾಲಿಗೆ 8 ಬೈಟ್: ಸಮಯ, ಸ್ಟೇಟಸ್ ರಿಜಿಸ್ಟರ್, ಬಂದ ಬೈಟ್, ಏನಾಯಿತು ಅನ್ನುವ ಒಂದು ಗುರುತು. ತುಂಬಿದರೆ ಮೊದಲಿನಿಂದ ಮತ್ತೆ ಬರೆಯುತ್ತದೆ. ಸಮಯಕ್ಕೆ ಕಾರ್ಟೆಕ್ಸ್‌ ಎಂ3 ಕೋರ್‌ನ ಡಿಡಬ್ಲ್ಯೂಟಿ ಎಂಬ ಡೀಬಗ್ ಭಾಗದಲ್ಲಿರುವ, ಕ್ಲಾಕ್‌ನ ಪ್ರತಿ ಸುತ್ತನ್ನೂ ಎಣಿಸುವ ಸೈಕಲ್ ಕೌಂಟರ್ ಬಳಸಿದೆ. 72 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 59.6 ಸೆಕೆಂಡಿಗೊಮ್ಮೆ ಸುತ್ತಿ 0ಗೆ ಬರುತ್ತದೆ, ಈ ಕೆಲಸಕ್ಕೆ ಧಾರಾಳ ಸಾಕು. ಅದು ಎಣಿಸಬೇಕೆಂದರೆ ಮೊದಲು ಟ್ರೇಸ್ ಆನ್ ಮಾಡುವ ಬಿಟ್ ಸೆಟ್ ಆಗಿರಬೇಕು, ಇಲ್ಲದಿದ್ದರೆ ಸುಮ್ನೆ 0 ತೋರಿಸುತ್ತಾ ಕೂರುತ್ತದೆ. ಉತ್ತರ ತಪ್ಪಾದ ಕೂಡಲೇ ಬರೆಯುವುದನ್ನು ನಿಲ್ಲಿಸುವ ಹಾಗೆ ಒಂದು ಫ್ಲ್ಯಾಗ್ ಹಾಕಿದೆ. ಒಂದೂ ಬ್ರೇಕ್‌ಪಾಯಿಂಟ್ ಇಡಲಿಲ್ಲ, ರಿಜಿಸ್ಟರ್ ಕಿಟಕಿ ಮುಚ್ಚಿದೆ. ಕೋರ್ ಓಡುತ್ತಿರುವಾಗಲೇ ಡೀಬಗ್ಗರ್ ರ‍್ಯಾಮ್ ಓದಬಲ್ಲದು, ಮತ್ತು ರ‍್ಯಾಮ್ ಓದಿದರೆ ಏನೂ ಅಳಿಯುವುದಿಲ್ಲ.

ಒಂದು ಗಂಟೆಯೊಳಗೆ ಚಿತ್ರ ಸಿಕ್ಕಿತು. ಸರಿಯಾದ ಉತ್ತರದಲ್ಲಿ ಪ್ರಶ್ನೆ ಕೇಳಿದ ಸುಮಾರು 11.5 ಲಕ್ಷ ಸೈಕಲ್ ನಂತರ ಮೊದಲ ಇಂಟರಪ್ಟ್, ಆಮೇಲೆ 75,000 ಸೈಕಲ್‌ಗೊಂದು ಬೈಟ್. ತಪ್ಪಾದ ಉತ್ತರದಲ್ಲಿ ಮೊದಲ ಇಂಟರಪ್ಟ್ ಬಂದದ್ದೇ ಸುಮಾರು 16 ಲಕ್ಷ ಸೈಕಲ್‌ಗೆ, ಅಂದರೆ 22 ಮಿಲಿಸೆಕೆಂಡ್ ಆದಮೇಲೆ. ಓವರ್‌ರನ್ ಬಿಟ್ 1. ಮೊದಲ ಬೈಟ್ ಇದೆ, ನಡುವಿನ ಐದು ಇಲ್ಲ, ಕೊನೆಯ ಮೂರು ಇವೆ. ಅಷ್ಟು ಹೊತ್ತು ಪ್ರೊಸೆಸರ್ ಇಂಟರಪ್ಟ್‌ಗೆ ಓಗೊಡದೆ ಎಲ್ಲೋ ಸಿಕ್ಕಿಕೊಂಡಿತ್ತು.

ಎಲ್ಲಿ ಅಂತ ಹುಡುಕುವುದು ಆಮೇಲೆ ಸುಲಭವಾಯಿತು, ಏಕೆಂದರೆ ತಪ್ಪುಗಳ ನಡುವಿನ ಅಂತರ ಯಾವಾಗಲೂ 10 ನಿಮಿಷದ ಲೆಕ್ಕದಲ್ಲೇ ಇತ್ತು. 10 ನಿಮಿಷಕ್ಕೊಮ್ಮೆ ನನ್ನ ಕೋಡ್ ಒಟ್ಟು ಓಡಿದ ಸಮಯವನ್ನು ಫ್ಲಾಶ್‌ಗೆ, ಅಂದರೆ ಕೋಡ್ ಕೂಡ ಇರುವ, ಕರೆಂಟ್ ಹೋದರೂ ಅಳಿಯದ ಮೆಮೊರಿಗೆ ಬರೆಯುತ್ತಿತ್ತು. ಬರೆಯುವ ಮೊದಲು ಒಂದು ಪೇಜ್ ಅಳಿಸಬೇಕು. ಈ ಚಿಪ್‌ನಲ್ಲಿ ಅದಕ್ಕೆ 20ರಿಂದ 40 ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಅದೇ ಫ್ಲಾಶ್‌ನಿಂದ ಕೋಡ್ ಓದಲು ಹೋದ ಪ್ರೊಸೆಸರ್ ಕಾದು ನಿಲ್ಲುತ್ತದೆ. ಇಂಟರಪ್ಟನ್ನು ನಾನೆಲ್ಲೂ ಮುಚ್ಚಿರಲಿಲ್ಲ, ಆದರೆ ಇಂಟರಪ್ಟ್‌ನ ಕೋಡೂ ಫ್ಲಾಶ್‌ನಲ್ಲೇ ಇದೆಯಲ್ಲ! ಪ್ರಶ್ನೆ ಕೇಳುವುದು, ಸಮಯ ಉಳಿಸುವುದು ಎರಡೂ ಒಂದೇ ಎಣಿಕೆಯ ಮೇಲೆ ನಡೆಯುತ್ತಿದ್ದರಿಂದ 600ನೇ ಪ್ರಶ್ನೆ ಕೇಳಿದ ಬೆನ್ನಿಗೇ ಪೇಜ್ ಅಳಿಸುವುದು ಶುರುವಾಗುತ್ತಿತ್ತು.

ಪ್ರೊಸೆಸರ್ ಇಲ್ಲದೆಯೇ ಡೇಟಾ ಸಾಗಿಸುವ ಡಿಎಂಎ ಹಾಕಿ ಬೈಟ್‌ಗಳನ್ನು ನೇರ ರ‍್ಯಾಮ್‌ಗೆ ತರಬಹುದಿತ್ತು. ನಾನು ಇನ್ನೂ ಸುಲಭದ್ದು ಮಾಡಿದೆ: ಉತ್ತರ ಪೂರ್ತಿ ಬಂದಮೇಲೆ ಮಾತ್ರ ಅಳಿಸುವುದು, ಮುಂದಿನ ಪ್ರಶ್ನೆಗೆ ಆಗ ಇನ್ನೂ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಇರುತ್ತದೆ. ಈ ಕೋಡ್ ನೋಡುವಾಗ ಇನ್ನೊಂದು ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಈ ಫ್ಲಾಶ್ ತಾಳುವ ಖಾತರಿ 10,000 ಸಲ ಅಳಿಸುವವರೆಗೆ. ದಿನಕ್ಕೆ 144 ಸಲ ಅಳಿಸಿದರೆ ಸುಮಾರು 70 ದಿನದಲ್ಲಿ ಅದು ಮುಗಿಯುತ್ತದೆ. ಹಾಗಾಗಿ 1 ಕೆಬಿ ಪೇಜ್‌ನಲ್ಲಿ 4 ಬೈಟ್‌ನ 256 ಜಾಗ ಮಾಡಿಕೊಂಡು ಒಂದರ ನಂತರ ಒಂದು ಬರೆಯುವಂತೆ ಬದಲಿಸಿದೆ, ಈಗ ಸುಮಾರು 43 ಗಂಟೆಗೊಮ್ಮೆ ಅಳಿಸಿದರೆ ಸಾಕು.

ಹೊಸ ಕೋಡನ್ನು ನೋಡಲು ಅಷ್ಟು ಹೊತ್ತು ಕಾಯಬಾರದು ಅಂತ ನಿಮಿಷಕ್ಕೊಂದು ಪೇಜ್ ಅಳಿಸುವ ಹಾಗೆ ಮಾಡಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಎದ್ದು ನೋಡಿದಾಗ ತಪ್ಪಾದ ಉತ್ತರಗಳ ಎಣಿಕೆ 0 ಇತ್ತು. ನಿಮಿಷದ ಲೆಕ್ಕ ತೆಗೆದು, ಸೆಮಿಹೋಸ್ಟಿಂಗ್ ತೆಗೆದು, ಕೇಬಲ್ ಇಲ್ಲದೆ ಇನ್ನೊಂದು ದಿನ ಓಡಿಸಿದೆ. ಲಾಗ್ ಬರೆಯುವ ಅರೇ ಮಾತ್ರ ತೆಗೆಯಲಿಲ್ಲ. ಇರುವ 20 ಕೆಬಿ ರ‍್ಯಾಮ್‌ನಲ್ಲಿ ಅದಕ್ಕೆ ಹೋಗುವುದು 512 ಬೈಟ್.