ಮದುವೆ ಫೋಟೊ ಎಡಿಟಿಂಗ್‌ಗೆ ನಾನು ಲ್ಯಾಪ್‌ಟಾಪ್ ಆರಿಸಿದ್ದು ಹೀಗೆ

ಮದುವೆ ಫೋಟೊ ತೆಗೆಯುವವರಿಗೆ ಆಷಾಢ ಅಂದರೆ ಬಾಕಿ ತೀರಿಸುವ ತಿಂಗಳು. ಮುಹೂರ್ತಗಳಿಲ್ಲ, ಛತ್ರಗಳು ಖಾಲಿ. ಕೊಡಬೇಕಾದ ಆಲ್ಬಮ್‌ಗಳು ಮಾತ್ರ ಸಾಲಾಗಿ ಕಾಯುತ್ತಿರುತ್ತವೆ. ಹಾಸನದ ನನ್ನ ಸ್ಟುಡಿಯೊಗೆ ಹೊಸ ಲ್ಯಾಪ್‌ಟಾಪ್ ತರಲು ನಾನು ಆರಿಸಿಕೊಂಡದ್ದು ಆಷಾಢವನ್ನೇ. ಸೀಸನ್ ನಡುವೆ ಹೊಸ ಯಂತ್ರ ತಂದರೆ ಅದಕ್ಕೆ ಹೊಂದಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಹಳೆಯ ಲ್ಯಾಪ್‌ಟಾಪ್‌ನಲ್ಲೇ ಒಂದು ಪರೀಕ್ಷೆ ಮಾಡಿದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ದಿನದ ಕೆಲಸವನ್ನು ಎಂದಿನಂತೆ ಮಾಡುತ್ತಾ ಹೋದೆ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಪ್ರಿವ್ಯೂ ತಯಾರಾಗುವಾಗ, ಎಕ್ಸ್‌ಪೋರ್ಟ್ ಮಾಡುವಾಗ ಸಿಪಿಯು ನೂರು ಮುಟ್ಟುತ್ತಿತ್ತು. ಫೋಟೊಶಾಪ್‌ನಲ್ಲಿ ಆಲ್ಬಮ್ ಶೀಟ್ ತೆರೆದರೆ ಸಿಪಿಯು ಆರಾಮಾಗಿರುತ್ತಿತ್ತು, ಆದರೆ ಮೆಮೊರಿ ತುಂಬಿ ಡಿಸ್ಕ್ ಒದ್ದಾಡುತ್ತಿತ್ತು. ಆರತಕ್ಷತೆಯ ಫೋಟೊಗಳಿಗೆ ಡಿನಾಯ್ಸ್ (ಮಂದ ಬೆಳಕಿನಲ್ಲಿ ಬರುವ ಕಾಳುಕಾಳು ತೆಗೆಯುವುದು) ಹಾಕಿದಾಗ ಎಲ್ಲ ಭಾರವೂ ಗ್ರಾಫಿಕ್ಸ್ ಮೇಲೆ. ನಾನು ಎಲ್ಲೆಲ್ಲಿ ಕಾಯುತ್ತಿದ್ದೇನೆ ಅನ್ನುವುದು ಒಂದು ಮಧ್ಯಾಹ್ನದಲ್ಲಿ ಗೊತ್ತಾಯಿತು. ಲ್ಯಾಪ್‌ಟಾಪ್ ಕೊಳ್ಳುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ಕೆಲಸ ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೊಳ್ಳಿ, ಆಮೇಲೆ ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ರ‍್ಯಾಮ್ ಲೆಕ್ಕವನ್ನು ಕಾಗದದ ಮೇಲೇ ಮಾಡಬಹುದು. ನಮ್ಮ ಕಡೆ ಜಾಸ್ತಿ ಹೋಗುವುದು 12×36 ಇಂಚಿನ ಆಲ್ಬಮ್. 300 ಡಿಪಿಐನಲ್ಲಿ ಒಂದು ಶೀಟ್ ಅಂದರೆ 3600×10800 ಪಿಕ್ಸೆಲ್, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. 8 ಬಿಟ್‌ನಲ್ಲೇ ತುಂಬಿದ ಒಂದು ಲೇಯರ್ 110 ಎಂಬಿ ದಾಟುತ್ತದೆ, 16 ಬಿಟ್ ಆದರೆ ಅದರ ಎರಡರಷ್ಟು. ಹಿನ್ನೆಲೆ, ಐದಾರು ಫೋಟೊ, ಮಾಸ್ಕ್, ಹೂವಿನ ಡಿಸೈನ್ ಎಲ್ಲ ಸೇರಿದರೆ ಒಂದು ಶೀಟೇ ಜಿಬಿ ಲೆಕ್ಕಕ್ಕೆ ಹೋಗುತ್ತದೆ. ಪಕ್ಕದಲ್ಲಿ ಲೈಟ್‌ರೂಮ್ ತೆರೆದಿರುತ್ತದೆ, ಮದುಮಗಳ ಮನೆಯವರು ಆರಿಸಿ ಕಳಿಸಿದ ಫೋಟೊ ನಂಬರ್‌ಗಳಿಗಾಗಿ ವಾಟ್ಸಾಪ್ ಕೂಡ ತೆರೆದಿರುತ್ತದೆ. 16 ಜಿಬಿಯಲ್ಲಿ ಕೆಲಸ ಸಾಗುತ್ತದೆ, ಆದರೆ ಎರಡನೆಯ ಶೀಟ್ ತೆರೆಯುವ ಹೊತ್ತಿಗೆ ಎಳೆಯಲು ಶುರುವಾಗುತ್ತದೆ. ನನಗೆ ಬೇಕಾದದ್ದು 32 ಜಿಬಿ ಅಂತ ಅಲ್ಲೇ ತೀರ್ಮಾನವಾಯಿತು.

ಇಲ್ಲಿ ಇನ್ನೊಂದು ವಿಷಯ ಇದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಮುಂದೆ ಏರಿಸಲು ಆಗುವುದಿಲ್ಲ. ಇನ್ನು ಕೆಲವದರಲ್ಲಿ ಅರ್ಧ ಬೆಸುಗೆ, ಒಂದೇ ಸ್ಲಾಟ್. ನಾನು ಎರಡು ಸ್ಲಾಟ್ ಇರುವುದನ್ನೇ ಹುಡುಕಿದೆ. ಕೊಳ್ಳುವಾಗ 16 ಜಿಬಿ ಇತ್ತು. ಅಂಗಡಿಯಲ್ಲೇ 16ರ ಎರಡು ಕಡ್ಡಿ ಹಾಕಿಸಿ 32 ಮಾಡಿಸಿದೆ. ಕಂಪನಿಯಿಂದಲೇ 32 ಬರುವ ಮಾಡೆಲ್‌ಗಿಂತ ಇದು ಅಗ್ಗವಾಯಿತು.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಮೊದಲೆಲ್ಲಾ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಫೋಟೊ ಕೆಲಸಕ್ಕೆ ಅದರ ಅಗತ್ಯವೂ ಅಷ್ಟಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಛತ್ರದ ಮಂದ ಬೆಳಕಿನಲ್ಲಿ ಐಎಸ್‌ಒ 6400ರಲ್ಲಿ ತೆಗೆದ ಫೋಟೊ ಈಗ ದೊಡ್ಡ ಪ್ರಿಂಟ್‌ಗೂ ನಿಲ್ಲುತ್ತದೆ. ಆದರೆ ಅದಕ್ಕೆ ಬೇಕಾದ ಲೆಕ್ಕಾಚಾರವನ್ನೆಲ್ಲ ಗ್ರಾಫಿಕ್ಸ್ ಮಾಡಬೇಕು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಟೊಗೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅದೇ ಫೋಟೊ ಈಗಿನದರಲ್ಲಿ ಸೆಕೆಂಡುಗಳಲ್ಲಿ ಮುಗಿಯುತ್ತದೆ. ನೂರಾರು ಫೋಟೊಗೆ ಹಾಕಬೇಕಾದಾಗ ಈ ವ್ಯತ್ಯಾಸ ಒಂದು ರಾತ್ರಿಯ ನಿದ್ದೆಯಷ್ಟು.

ನಾನು ತೆಗೆದುಕೊಂಡದ್ದು ಆರ್‌ಟಿಎಕ್ಸ್ 4060 ಕಾರ್ಡ್, ಅದರದ್ದೇ ಮೆಮೊರಿ 8 ಜಿಬಿ. ಲ್ಯಾಪ್‌ಟಾಪ್‌ನ 4050ರಲ್ಲಿ 6 ಜಿಬಿ ಇರುತ್ತದೆ, 4070ರಲ್ಲೂ 8 ಜಿಬಿಯೇ. ಹಾಗಾಗಿ ನನ್ನ ಕೆಲಸಕ್ಕೆ 4070ರ ಹೆಚ್ಚುವರಿ ದುಡ್ಡು ಸರಿ ಅನ್ನಿಸಲಿಲ್ಲ. ಕಾರ್ಡಿನ ಹೆಸರಿಗಿಂತ ಗಮನಿಸಬೇಕಾದದ್ದು ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅನ್ನುವುದು. ಲ್ಯಾಪ್‌ಟಾಪ್‌ನ 4060ಕ್ಕೆ 35ರಿಂದ 115 ವ್ಯಾಟ್‌ವರೆಗೆ ಯಾವುದನ್ನು ಬೇಕಾದರೂ ಕಂಪನಿ ಇಟ್ಟಿರಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ನ 4060 ಮತ್ತು ದಪ್ಪನೆಯ ಲ್ಯಾಪ್‌ಟಾಪ್‌ನ 4060 ಹೆಸರಿಗೆ ಒಂದೇ, ದುಡಿಮೆಯಲ್ಲಿ ಬೇರೆ. ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ಟಿಜಿಪಿ ಅಂತ ಬರೆದಿರುತ್ತಾರೆ, ಅದನ್ನು ಓದಿಯೇ ಹೋಗಿ. ಸಿಪಿಯು ವಿಷಯವೂ ಹೀಗೇ. ಇಂಟೆಲ್ ಆದರೆ ಹೆಸರಿನ ಕೊನೆಗೆ ಯು ಇರುವುದು ಕಡಿಮೆ ಕರೆಂಟಿನದು, ಎಚ್ ಇರುವುದು ಗಂಟೆಗಟ್ಟಲೆ ಎಕ್ಸ್‌ಪೋರ್ಟ್‌ಗೆ ತಾಳಿಕೊಳ್ಳುವಂಥದ್ದು. ಒಂದು ಮಾತು ನೆನಪಿರಲಿ, ಇಂಥ ಯಂತ್ರಗಳು ಪೂರ್ತಿ ವೇಗದಲ್ಲಿ ಓಡುವುದು ಚಾರ್ಜರ್ ಹಾಕಿದಾಗ ಮಾತ್ರ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರೆ ಕಸುವು ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಸ್ಟುಡಿಯೊದ ಯುಪಿಎಸ್ ಇದಕ್ಕೂ ಸಾಕಾಗುತ್ತದೆಯೇ ಅಂತ ನೋಡಿಕೊಂಡೆ.

ಇನ್ನು ಸ್ಕ್ರೀನ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಂಗಡಿಯಲ್ಲಿ ಯಾರೂ ಮಾತಾಡದ ವಿಷಯವೂ ಇದೇ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ, ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲೂ, 45% ಎನ್‌ಟಿಎಸ್‌ಸಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಒಂದು ಅಳತೆ) ಸ್ಕ್ರೀನ್ ಇರುತ್ತದೆ. ಅಂದರೆ ಫೋಟೊಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಅನ್ನುವ ಗುಂಪಿನ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಅದು ತೋರಿಸುವುದೇ ಇಲ್ಲ. ನಮ್ಮ ಮದುವೆಗಳಲ್ಲಿ ಏನೇನು ಬಣ್ಣ ಇರುತ್ತದೆ ನೋಡಿ. ಧಾರೆ ಸೀರೆಯ ಕೆಂಪು ಅಂಚು, ಅರಿಶಿನ ಹಚ್ಚಿದ ಕೆನ್ನೆ, ಮಾವಿನೆಲೆಯ ತೋರಣ, ಆರತಕ್ಷತೆಯ ವೇದಿಕೆ ಮೇಲಿನ ನೀಲಿ ನೇರಳೆ ಎಲ್‌ಇಡಿ. ಇಂಥ ಸ್ಕ್ರೀನ್‌ನಲ್ಲಿ ಕೆಂಪು ಸಪ್ಪೆಯಾಗಿ ಕಾಣುತ್ತದೆ, ನೀವು ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತೀರಿ. ಲ್ಯಾಬ್‌ನಿಂದ ಬಂದ ಆಲ್ಬಮ್‌ನಲ್ಲಿ ಸೀರೆ ಅಂಚಿನ ನೇಯ್ಗೆಯೇ ಮಾಯವಾಗಿ ಬರೀ ಕೆಂಪು ಪಟ್ಟಿ ಉಳಿದಿರುತ್ತದೆ. ಅಷ್ಟು ಹಣ ಕೊಟ್ಟು, ಅಷ್ಟು ಆಸೆಯಿಂದ ಉಟ್ಟ ಸೀರೆ ಅದು. ಅದರ ಬಣ್ಣ ಸರಿಯಾಗಿ ಕೊಡುವುದು ನಮ್ಮ ಕರ್ತವ್ಯ ಅಂತ ನಾನು ನಂಬಿದ್ದೇನೆ.

ಹಾಗಂತ ತುಂಬ ದುಬಾರಿ ಸ್ಕ್ರೀನ್ ಬೇಕಾಗಿಲ್ಲ. ನಾನು ಪ್ರಿಂಟ್‌ಗೆ ಕೊಡುವ ಲ್ಯಾಬ್ ಕೇಳುವುದು ಎಸ್‌ಆರ್‌ಜಿಬಿ ಜೆಪೆಗ್ ಫೈಲನ್ನೇ. ಹಾಗಾಗಿ 100% ಎಸ್‌ಆರ್‌ಜಿಬಿ ಇರುವ, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಸ್ಕ್ರೀನ್, ಹೊಳಪಿಲ್ಲದ ಮೇಲ್ಮೈ, ಸ್ಕ್ರೀನ್ ಬೆಳಕು 300 ನಿಟ್ಸ್‌ಗಿಂತ ಮೇಲೆ ಇದ್ದರೆ ಸಾಕು. 4ಕೆ ಬೇಡ ಅಂದುಕೊಂಡೆ. 15-16 ಇಂಚಿನಲ್ಲಿ ಅದರ ಲಾಭ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಲೈಟ್‌ರೂಮ್ ಮಾತ್ರ ಅಷ್ಟೂ ಪಿಕ್ಸೆಲ್‌ಗಳನ್ನು ಪ್ರತಿ ಸಲ ಬಿಡಿಸಬೇಕಾಗುತ್ತದೆ. ನನ್ನದು 2560×1600. ಓಲೆಡ್ ನೋಡಲು ಬಹಳ ಚೆಂದ, ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ. ಆದರೆ ದಿನವಿಡೀ ಲೈಟ್‌ರೂಮ್‌ನ ಅದೇ ಪಟ್ಟಿಗಳು ಅದೇ ಜಾಗದಲ್ಲಿ ನಿಂತಿರುವ ನಮ್ಮಂಥವರ ಕೆಲಸಕ್ಕೆ ಅಚ್ಚು ಉಳಿದುಬಿಡುವ ಭಯ ನನಗಿತ್ತು.

ಮಾಡೆಲ್ ಹೆಸರು ಹೇಳಿ ಅಂತ ಗೆಳೆಯರು ಕೇಳುತ್ತಾರೆ. ನಾನು ಹೇಳುವುದಿಲ್ಲ, ಅದಕ್ಕೆ ಕಾರಣ ಇದೆ. ಒಂದೇ ಮಾಡೆಲ್ ಹೆಸರಿನಲ್ಲಿ 45% ಸ್ಕ್ರೀನೂ ಬರುತ್ತದೆ, 100% ಸ್ಕ್ರೀನೂ ಬರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ. ಡಬ್ಬಿಯ ಮೇಲಿನ ಪೂರ್ತಿ ಪಾರ್ಟ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರಷ್ಟೇ ಗೊತ್ತಾಗುವುದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದಾಗ ಪೆನ್‌ಡ್ರೈವ್‌ನಲ್ಲಿ ನನ್ನದೇ ಕೆಲವು ಜೆಪೆಗ್ ಇಟ್ಟುಕೊಂಡಿದ್ದೆ. ಕೆಂಪಂಚಿನ ಸೀರೆ, ಅರಿಶಿನ ಶಾಸ್ತ್ರ, ಕಪ್ಪು ಕೋಟಿನ ವರ, ಎಲ್‌ಇಡಿ ಬೆಳಕಿನ ವೇದಿಕೆ. ಎಲ್ಲದರ ಪ್ರಿಂಟೂ ಜೊತೆಗಿತ್ತು. "ಸರ್, ಎಲ್ಲಾ ಒಂದೇ ಡಿಸ್‌ಪ್ಲೇ, ಫುಲ್ ಎಚ್‌ಡಿ" ಅಂದ ಹುಡುಗ, ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ಅದೇ ಸೀರೆ ಫೋಟೊ ತೆರೆದಾಗ ತಾನೇ ಬಗ್ಗಿ ನೋಡಿದ. ಆಮೇಲೆ ಅವನೇ ಉತ್ಸಾಹದಿಂದ ಇನ್ನೂ ನಾಲ್ಕು ಪೀಸ್ ತಂದಿಟ್ಟ. ಕಪ್ಪು ಕೋಟಿನ ಮಡಿಕೆ ಎಣಿಸಲು ಬರುತ್ತದೆಯೇ, ಪಕ್ಕದಿಂದ ನೋಡಿದರೆ ಮುಖದ ಬಣ್ಣ ಬದಲಾಗುತ್ತದೆಯೇ ಅಂತ ನೋಡುತ್ತಾ ಹೋದೆವು. ಅಲ್ಲಿ ಕಳೆದ ಹೊತ್ತು ಪೂರ್ತಿ ಸಾರ್ಥಕ.

ಮ್ಯಾಕ್ ಯಾಕೆ ಬೇಡ ಅಂತಲೂ ಕೇಳುತ್ತಾರೆ. ಮ್ಯಾಕ್‌ಬುಕ್ ಪ್ರೊ ಸ್ಕ್ರೀನ್ ಅದ್ಭುತವಾಗಿದೆ, ಬ್ಯಾಟರಿಯಲ್ಲೂ ವೇಗ ಅಷ್ಟೇ ಇರುತ್ತದೆ. ಹೊರಾಂಗಣದಲ್ಲಿ ಕೆಲಸ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರ ಮೆಮೊರಿ ಕೊಂಡ ದಿನ ಎಷ್ಟೋ ಅಷ್ಟೇ, ಬೇಕಾದಷ್ಟು ಹಾಕಿಸಿದರೆ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಜೊತೆಗೆ ನಮ್ಮ ವಿಡಿಯೊ ಕೆಲಸ ನಡೆಯುವುದು ಎಡಿಯಸ್‌ನಲ್ಲಿ, ಅದು ವಿಂಡೋಸ್‌ಗೆ ಮಾತ್ರ ಇರುವುದು. ಆಲ್ಬಮ್ ಮೇಲಿನ ಕನ್ನಡ ಹೆಸರುಗಳನ್ನು ನಾವು ಇಂದಿಗೂ ವಿಂಡೋಸ್‌ನ ‘ನುಡಿ’ ತಂತ್ರಾಂಶದಲ್ಲೇ ಬರೆಯುತ್ತೇವೆ.

ಸ್ಟೋರೇಜ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎರಡು ದಿನದ ಮದುವೆಗೆ ಎರಡು ಕ್ಯಾಮೆರಾದಿಂದ 4000 ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್), ಒಂದೊಂದು 25-30 ಎಂಬಿ ಅಂದರೂ 100 ಜಿಬಿ ಮೇಲೇ ಆಯಿತು. 512 ಜಿಬಿ ಸಾಲುವುದಿಲ್ಲ. 1 ಟಿಬಿಯ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ, ಇನ್ನೊಂದು ಎಸ್‌ಎಸ್‌ಡಿ ಹಾಕಲು ಖಾಲಿ ಸ್ಲಾಟ್ ಇರಲಿ. ಲೈಟ್‌ರೂಮ್ ಕ್ಯಾಟಲಾಗ್ ಮತ್ತು ಕೈಯಲ್ಲಿರುವ ಮದುವೆಗಳು ಒಳಗೆ, ಮುಗಿದವು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ.

ಮನೆಗೆ ತಂದ ಮೇಲೆ ಮೊದಲು ಮಾಡಿದ್ದು ಕ್ಯಾಲಿಬ್ರೇಷನ್, ಅಂದರೆ ಸ್ಕ್ರೀನಿನ ಬಣ್ಣ ಮತ್ತು ಬೆಳಕನ್ನು ಅಳೆದು ಸರಿಪಡಿಸುವುದು. ನಮ್ಮ ಊರಿನ ಕೆಲವು ಫೋಟೊಗ್ರಾಫರ್‌ಗಳು ಸೇರಿ ಒಂದು ಕ್ಯಾಲಿಬ್ರೇಟರ್ ಕೊಂಡಿದ್ದೇವೆ, ಸರದಿಯಲ್ಲಿ ಬಳಸುತ್ತೇವೆ. 6500 ಕೆಲ್ವಿನ್, ಗಾಮಾ 2.2, ಬೆಳಕು 110 ನಿಟ್ಸ್ ಆಸುಪಾಸು. ಮೊದಲ ನೋಟಕ್ಕೆ ಸ್ಕ್ರೀನ್ ಮಂಕು ಅನ್ನಿಸುತ್ತದೆ, ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಸ್ಕ್ರೀನ್ ಬೆಳಕು ಪೂರ್ತಿ ಏರಿಸಿ ಎಡಿಟ್ ಮಾಡುವುದರಿಂದಲೇ ಎಷ್ಟೋ ಆಲ್ಬಮ್‌ಗಳು ಕಪ್ಪಾಗಿ ಬರುತ್ತವೆ. ಆಮೇಲೆ ಬೈಗುಳ ಲ್ಯಾಬ್‌ನವರಿಗೆ, ಅಲ್ವಾ?

ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ತಮ್ಮ ನಂಬರ್ ಬರೆಸಿಕೊಳ್ಳಿ, ಲ್ಯಾಪ್‌ಟಾಪ್ ಮೇಲೆ ಕಟ್ಟಿದ 18% ತೆರಿಗೆಯನ್ನು ನಿಮ್ಮ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ಅದು ಸಣ್ಣ ಮೊತ್ತವಲ್ಲ. ಸ್ಥಳಕ್ಕೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಊರಿಗೆ ಇದೆಯೇ ಅಂತಲೂ ಕೇಳಿ. ಇಷ್ಟೆಲ್ಲಕ್ಕೆ ಈಗ ಹಣ ಹೊಂದದಿದ್ದರೆ ಸ್ಟುಡಿಯೊದಲ್ಲೇ ಕೂತು ಕೆಲಸ ಮಾಡುವವರಿಗೆ ಇನ್ನೊಂದು ದಾರಿ ಇದೆ. ಲ್ಯಾಪ್‌ಟಾಪ್‌ನ ಸ್ಕ್ರೀನ್ ಸಾಧಾರಣವಾಗಿದ್ದರೂ ಪರವಾಗಿಲ್ಲ, ಒಳಗಿನ ಭಾಗಗಳು ಚೆನ್ನಾಗಿರುವುದನ್ನು ಕೊಂಡು 24 ಇಂಚಿನ, 100% ಎಸ್‌ಆರ್‌ಜಿಬಿ ಇರುವ ಐಪಿಎಸ್ ಮಾನಿಟರ್ ಜೋಡಿಸಿಕೊಳ್ಳಿ. ಆಲ್ಬಮ್ ಶೀಟನ್ನು ದೊಡ್ಡದಾಗಿ ನೋಡುವ ಅನುಕೂಲವೂ ಆಗುತ್ತದೆ, ಮುಂದೆ ಲ್ಯಾಪ್‌ಟಾಪ್ ಬದಲಾಯಿಸಿದರೂ ಮಾನಿಟರ್ ನಿಮ್ಮ ಹತ್ತಿರವೇ ಇರುತ್ತದೆ.