ತಿರುವು ಬೇರೆ, ತಿರುಗುವುದು ಬೇರೆ

ಕನ್ನಡದಲ್ಲಿ ‘ತಿರುವು’ ಎಂಬ ಒಂದೇ ಪದಕ್ಕೆ ಎರಡು ಕೆಲಸ. ರಸ್ತೆ ತಾನಾಗಿ ಬಳುಕಿದರೂ ತಿರುವು, ನಾವು ಒಂದು ರಸ್ತೆ ಬಿಟ್ಟು ಇನ್ನೊಂದನ್ನು ಹಿಡಿದರೂ ತಿರುವು. ಬಯಲುಸೀಮೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕೊಡಗಿನಲ್ಲಿ ದಾರಿ ಹೇಳುವ ತಂತ್ರಾಂಶ ಬರೆಯಲು ಕುಳಿತ ನನಗೆ ಮಾತ್ರ ಒಂದೂವರೆ ವರ್ಷದ ತಲೆನೋವಿನ ಬೇರು ಅಲ್ಲೇ ಇತ್ತು.

ನಮ್ಮ ಮನೆ ಸುಂಟಿಕೊಪ್ಪದಿಂದ ಒಳಗೆ ಎಂಟು ಕಿಲೋಮೀಟರ್. ಪಕ್ಕದಲ್ಲೇ ಸೋದರಮಾವನ ಹೋಮ್‌ಸ್ಟೇ. ಮೊಬೈಲಿನ ಮಾತು ನಂಬಿ ಬಂದ ಅತಿಥಿಗಳು ರಾತ್ರಿ ಒಂಬತ್ತು ಗಂಟೆಗೆ ಯಾರದೋ ತೋಟದ ಕಣಕ್ಕೆ ನುಗ್ಗಿ, ಗುಡ್ಡೆ ಹಾಕಿ ಟಾರ್ಪಾಲ್ ಹೊದಿಸಿದ ಕಾಫಿಯ ಪಕ್ಕ ಕಾರು ನಿಲ್ಲಿಸಿಕೊಂಡು ಫೋನ್ ಮಾಡುತ್ತಿದ್ದರು. ಸುತ್ತಲೂ ನಾಯಿಗಳು. ಮಾವ ಊಟದ ತಟ್ಟೆ ಬಿಟ್ಟು ಜೀಪು ಹತ್ತಬೇಕು. ಮೂರನೆಯ ಸಲ ಹೀಗಾದಾಗ, “ನೀನು ಕಂಪ್ಯೂಟರ್ ಓದಿದವನಲ್ಲವೇ ಮಾರಾಯ, ಇದಕ್ಕೊಂದು ದಾರಿ ಮಾಡು” ಎಂದರು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ನನಗೆ ಸಂಜೆಯ ಹೊತ್ತು ಕಳೆಯಲು ಏನಾದರೂ ಬೇಕಿತ್ತು.

ಸಾಮಾನು ಹೊಂದಿಸುವುದು ಕಷ್ಟವಾಗಲಿಲ್ಲ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಅದು. ದಾರಿ ಹುಡುಕಲು ಓಎಸ್ಆರ್‌ಎಂ ಎಂಬ ಮುಕ್ತ ತಂತ್ರಾಂಶ. ದಕ್ಷಿಣ ಭಾರತದ ಕಡತವನ್ನು ಇಳಿಸಿಕೊಂಡು, ಅದರಿಂದ ಕೊಡಗು ಮತ್ತು ಅಂಚಿನ ಒಂದಿಷ್ಟು ಭಾಗವನ್ನು ಕತ್ತರಿಸಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ಓಡಿಸಿದೆ. ಇಲ್ಲಿಂದ ಅಲ್ಲಿಗೆ ಎಂದು ಕೇಳಿದರೆ ಅದು ಹಂತಹಂತವಾಗಿ ಉತ್ತರ ಕೊಡುತ್ತದೆ. ಪ್ರತಿ ಹಂತಕ್ಕೂ ಒಂದು ಬಗೆ: ತಿರುಗು, ಕವಲು, ರಸ್ತೆ ಮುಗಿಯಿತು, ವೃತ್ತ, ತಲುಪಿದೆ. ಅದರ ಜೊತೆಗೆ ಎಡ, ಬಲ, ತುಸು ಎಡ, ಕಡಿದಾದ ಬಲ ಎಂಬಂತೆ ಒಂದು ದಿಕ್ಕು. ಅದನ್ನು ಮಾತಾಗಿಸುವುದು ನಮ್ಮ ಕೆಲಸ. ಎರಡು ವಾರದ ಕೆಲಸ ಎಂದುಕೊಂಡಿದ್ದೆ.

ಮೊದಲ ಪರೀಕ್ಷೆಗೆ ಮಾವನ ಜೀಪಿನಲ್ಲೇ ಹೊರಟೆವು. ಕುಶಾಲನಗರದಿಂದ ಸುಂಟಿಕೊಪ್ಪದವರೆಗೆ, ಅಂದರೆ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಇರುವಷ್ಟು ಹೊತ್ತು, ಫೋನು ಸಭ್ಯವಾಗಿತ್ತು. ಹೆದ್ದಾರಿಗೆ ಒಂದು ಸಂಖ್ಯೆ ಇದೆ, ದರ್ಜೆ ಇದೆ. ಎಷ್ಟೇ ಬಳುಕಿದರೂ ಅದೇ ಸಂಖ್ಯೆ ಮುಂದುವರಿಯುವುದರಿಂದ ತಂತ್ರಾಂಶಕ್ಕೆ ಅನುಮಾನ ಬರುವುದಿಲ್ಲ. ಒಳರಸ್ತೆಗೆ ಇಳಿದದ್ದೇ ತಡ, ಅದರ ಬಾಯಿ ಬಿಚ್ಚಿತು. “ಕಡಿದಾಗಿ ಎಡಕ್ಕೆ ತಿರುಗಿ.” “ಬಲಕ್ಕೆ ತಿರುಗಿ.” “ತುಸು ಎಡಕ್ಕೆ ತಿರುಗಿ.” ಮಾವ ಸ್ಟಿಯರಿಂಗ್ ಹಿಡಿದು ನಕ್ಕರು. “ತಿರುಗದೆ ಇನ್ನೇನು, ಹೊಳೆಗೆ ಹಾರಬೇಕಾ?”

ಹತ್ತಿರದಿಂದ ನೋಡಿದರೆ ಗುಟ್ಟು ತಿಳಿಯುತ್ತದೆ. ನಮ್ಮ ದಾರಿಯಲ್ಲಿ ಒಂದು ಹೇರ್‌ಪಿನ್ ತಿರುವಿದೆ. ಟಾರು ರಸ್ತೆ ಅಲ್ಲಿ ಪೂರಾ ಎಡಕ್ಕೆ ಮಡಚಿಕೊಳ್ಳುತ್ತದೆ. ಮಡಿಕೆಯ ತುದಿಯಿಂದ ನೇರಕ್ಕೆ, ಎರಡು ಕಲ್ಲುಕಂಬಗಳ ನಡುವೆ, ಒಂದು ತೋಟದ ರಸ್ತೆ ಒಳಗೆ ಹೋಗುತ್ತದೆ. ಕಂಬಕ್ಕೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಕಣ್ಣಿದ್ದವನು ಅದನ್ನು ರಸ್ತೆ ಎಂದು ಎಣಿಸುವುದಿಲ್ಲ. ನಕ್ಷೆಯಲ್ಲಿ ಮಾತ್ರ ಎರಡೂ ಒಂದೇ ದರ್ಜೆಯ ಹಳ್ಳಿ ರಸ್ತೆಗಳು, ಎರಡಕ್ಕೂ ಹೆಸರಿಲ್ಲ. ಹೆಸರಿಲ್ಲದ ಎರಡು ಸಮಾನ ರಸ್ತೆಗಳಲ್ಲಿ ನೇರಕ್ಕಿರುವುದೇ ಮುಖ್ಯ ಎಂದು ಲೆಕ್ಕ ಹಾಕಿದ ತಂತ್ರಾಂಶ, ಅದನ್ನು ಬಿಟ್ಟು ಎಡಕ್ಕೆ ಹೋಗುವವನಿಗೆ ಎಚ್ಚರಿಕೆ ಕೊಡುತ್ತದೆ. ಅದರ ತರ್ಕದಲ್ಲಿ ತಪ್ಪಿಲ್ಲ. ಯಾರೋ ಉಪಗ್ರಹ ಚಿತ್ರ ನೋಡಿ ದೂರದಲ್ಲಿ ಕುಳಿತು ಗೆರೆ ಎಳೆದಿದ್ದಾರೆ. ಮೇಲಿನಿಂದ ಗೇಟು ಕಾಣುವುದಿಲ್ಲ. ಸಿಲ್ವರ್ ಓಕ್ ಮತ್ತು ನೆರಳು ಮರಗಳ ಕೆಳಗೆ ಎಷ್ಟೋ ಕಡೆ ರಸ್ತೆಯೇ ಕಾಣುವುದಿಲ್ಲ.

ಆದ್ದರಿಂದ ಸಾಲು ಸಾಲು ಕೋಡ್ ಬರೆಯಬೇಕಾದ ನಾನು ಮೂರು ತಿಂಗಳ ಭಾನುವಾರಗಳನ್ನು ಗೇಟು ಎಣಿಸುವುದರಲ್ಲಿ ಕಳೆದೆ. ಬೈಕಿನಲ್ಲಿ ಹೋಗುವುದು, ಕವಲಿನಲ್ಲಿ ನಿಲ್ಲುವುದು, ಗೇಟು ಇದೆಯೇ, ಟಾರು ಇದೆಯೇ, ಖಾಸಗಿಯೇ ಎಂದು ಬರೆದುಕೊಳ್ಳುವುದು, ಮನೆಗೆ ಬಂದು ನಕ್ಷೆ ತಿದ್ದುವುದು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ನನ್ನನ್ನು ಸರ್ವೆಯವನೆಂದು ತಿಳಿದು, ಮಾಲೀಕರಿಗೆ ಫೋನ್ ಮಾಡಿಯೇ ಬಿಟ್ಟರು.

ಇಲ್ಲೊಂದು ಪೆಟ್ಟು ತಿಂದೆ. ಉತ್ಸಾಹದಲ್ಲಿ ಮಣ್ಣಿನ ರಸ್ತೆಗಳಿಗೆಲ್ಲ ‘ಟ್ರ್ಯಾಕ್’ ಎಂಬ ಗುರುತು ಹಾಕಿಬಿಟ್ಟೆ. ಓಎಸ್ಆರ್‌ಎಂನ ಕಾರಿನ ನಿಯಮಾವಳಿ ಟ್ರ್ಯಾಕ್‌ಗಳನ್ನು ದಾರಿಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅನಗತ್ಯ ಮಾತು ನಿಂತಿತು, ನಿಜ. ಜೊತೆಗೆ ನಮ್ಮ ಮನೆಯೂ ನಕ್ಷೆಯಿಂದ ಕಳಚಿಕೊಂಡಿತು! ಕೊನೆಯ ಆರುನೂರು ಮೀಟರ್ ಮಣ್ಣಿನ ದಾರಿಯಾದ್ದರಿಂದ ಫೋನು ಟಾರು ರಸ್ತೆಯಲ್ಲೇ ನಿಲ್ಲಿಸಿ “ತಲುಪಿದ್ದೀರಿ” ಎನ್ನತೊಡಗಿತು. ಮತ್ತೆ ಕುಳಿತು ಬೇರ್ಪಡಿಸಿದೆ: ಟ್ರ್ಯಾಕ್ಟರ್ ಮಾತ್ರ ಓಡುವುದು ಟ್ರ್ಯಾಕ್; ಮನೆಗೆ ಹೋಗುವುದು ಸೇವಾ ರಸ್ತೆ, ಖಾಸಗಿಯಾದರೆ ಖಾಸಗಿ ಎಂಬ ಗುರುತು; ಊರಿಗೆ ಹೋಗುವುದು ಮಣ್ಣಾದರೂ ಹಳ್ಳಿ ರಸ್ತೆಯೇ, ಮೇಲ್ಮೈ ಮಣ್ಣು ಎಂದು ಬೇರೆಯಾಗಿ ಬರೆಯಬೇಕು. ತಂತ್ರಾಂಶಕ್ಕೆ ಅನುಕೂಲವೆಂದು ನಕ್ಷೆಯಲ್ಲಿ ಸುಳ್ಳು ಬರೆಯಬಾರದು ಎಂದು ಈ ಕೆಲಸ ಮಾಡುವವರೆಲ್ಲ ಹೇಳುತ್ತಾರೆ. ನನಗೆ ಅದು ಮನೆ ಕಳೆದುಕೊಂಡ ಮೇಲೆ ತಿಳಿಯಿತು.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಟಾರು ಬಲಕ್ಕೆ ಬಳುಕುತ್ತದೆ, ನಾವು ಹೋಗಬೇಕಾದ ಸಣ್ಣ ರಸ್ತೆ ನೇರಕ್ಕಿದೆ. ಕೋನ ಬದಲಾಗದ ಕಾರಣ ತಂತ್ರಾಂಶ ಸುಮ್ಮನಿರುತ್ತದೆ. ಚಾಲಕ ಟಾರಿನ ಹಿಂದೆ ಹೋಗುತ್ತಾನೆ. ಅತಿಥಿಗಳು ಕಣಕ್ಕೆ ಸೇರಿದ್ದು ಇಂಥ ಕಡೆಯೇ. ಓಎಸ್ಆರ್‌ಎಂ ತನ್ನ ಉತ್ತರದಲ್ಲಿ ಪ್ರತಿ ಕೂಡುರಸ್ತೆಯ ಎಲ್ಲ ಕವಲುಗಳ ದಿಕ್ಕನ್ನೂ ಕೊಡುತ್ತದೆ. ಅದನ್ನು ಓದಿ, ರಸ್ತೆಯ ಮೇಲ್ಮೈಯ ಮಾಹಿತಿಯನ್ನು ನಕ್ಷೆಯಿಂದ ಸೇರಿಸಿ, ಟಾರು ಬಿಡುವ ಜಾಗವಾದರೆ ಕೋನ ಏನೇ ಇರಲಿ ಮಾತಾಡು ಎಂದು ನಿಯಮ ಬರೆದೆ. ಮಾತು ಏನು? “ನೇರ ಹೋಗಿ” ಎಂದರೆ ಈ ಜಿಲ್ಲೆಯಲ್ಲಿ ಅರ್ಥವಿಲ್ಲ, ಇಲ್ಲಿ ಯಾವ ರಸ್ತೆ ನೇರವಿದೆ? ನಮ್ಮವರು ದಾರಿ ಹೇಳುವಾಗ “ಟಾರು ರಸ್ತೆ ಬಿಡಬೇಡಿ” ಎನ್ನುತ್ತಾರೆ. ಅದನ್ನೇ ಮಗುಚಿ “ಟಾರು ರಸ್ತೆ ಬಿಟ್ಟು ಮುಂದಕ್ಕೆ” ಎಂದು ಇಟ್ಟೆ. ಮಾವ ತಲೆಯಾಡಿಸಿದರು.

ಕನ್ನಡದ ವಿಷಯ ಈಗ. ಮನೆಯಲ್ಲಿ ನಾವು ಅರೆಭಾಷೆಯವರು, ನೆರೆಯವರು ಕೊಡವರು, ಸುಂಟಿಕೊಪ್ಪದ ಅಂಗಡಿಯಲ್ಲಿ ಮಲಯಾಳವೂ ಕೇಳುತ್ತದೆ. ಎಲ್ಲರಿಗೂ ಸಲ್ಲುವುದು ಕನ್ನಡ. ಇಂಗ್ಲಿಷಿನ ಅಚ್ಚಿನಲ್ಲಿ ಊರಿನ ಹೆಸರನ್ನು ಹಾಗೇ ತುರುಕಿದರೆ ಸಾಕು. ನಮ್ಮಲ್ಲಿ ಹೆಸರಿಗೆ ಬಾಲ ಬೇಕು. ಮಡಿಕೇರಿಗೆ, ಸಿದ್ದಾಪುರಕ್ಕೆ, ಮೂರ್ನಾಡಿಗೆ. ಮೊದಲ ಆವೃತ್ತಿಯಲ್ಲಿ ಎಲ್ಲಕ್ಕೂ ‘ಗೆ’ ಅಂಟಿಸಿದ್ದೆ. “ಸಿದ್ದಾಪುರಗೆ” ಎಂದು ಫೋನು ಹೇಳಿದಾಗ ಮಾವ ಜೀಪು ನಿಲ್ಲಿಸಿದರು. ಓಎಸ್ಆರ್‌ಎಂನ ಮಾತುಗಳ ಭಂಡಾರದಲ್ಲಿ ರಷ್ಯನ್ ಭಾಷೆಗೆ ವಿಭಕ್ತಿ ನಿಯಮಗಳ ಒಂದು ಕಡತವಿದೆ. ಅದನ್ನು ನೋಡಿ ಕನ್ನಡಕ್ಕೂ ಬರೆದೆ. ಅಕಾರ ಕೊನೆಗಿದ್ದರೆ ‘ಕ್ಕೆ’, ಇ–ಎ ಇದ್ದರೆ ‘ಗೆ’, ಉಕಾರವಾದರೆ ಅದನ್ನು ಕಳಚಿ ‘ಇಗೆ’. ಬರೆಯುವಾಗ ಒಂದು ಸ್ವಾರಸ್ಯ ಕಂಡಿತು. ಯೂನಿಕೋಡ್‌ನಲ್ಲಿ ವ್ಯಂಜನದ ಜೊತೆ ಸೇರುವ ಅಕಾರಕ್ಕೆ ಬೇರೆ ಚಿಹ್ನೆಯೇ ಇಲ್ಲ. ಕೊನೆಯಲ್ಲಿ ಏನೂ ಇಲ್ಲದಿರುವುದೇ ಅಕಾರ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಗೋಣಿಕೊಪ್ಪ, ಗೋಣಿಕೊಪ್ಪಲು, ಗೋಣಿಕೊಪ್ಪಲ್ ಎಂದು ಒಂದೇ ಊರನ್ನು ಮೂರು ರೀತಿ ಬರೆಯುತ್ತಾರೆ, ಮೂರಕ್ಕೂ ಬೇರೆ ಬೇರೆ ಬಾಲ!

ಹದಿನೈದು ದಿನ ಕುಳಿತು ಮಾಡಿದ ಆ ವ್ಯಾಕರಣವನ್ನು ಒಂದು ಬೆಳಿಗ್ಗೆ ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತಾಗ ಕೈಬಿಟ್ಟೆ. ಯಾರೋ ಯಾರಿಗೋ “ಸೋಮವಾರಪೇಟೆ ಕಡೆಗೆ ಹೋಗುವ ಬಸ್ಸು” ಎನ್ನುತ್ತಿದ್ದರು. ಮೂರ್ನಾಡು ಕಡೆಗೆ, ಸಿದ್ದಾಪುರ ಕಡೆಗೆ, ಗೋಣಿಕೊಪ್ಪಲ್ ಕಡೆಗೆ. ಯಾವ ಹೆಸರಿಗೂ ಗಾಯವಾಗುವುದಿಲ್ಲ. ‘ಸಿದ್ದಾಪುರದ ಕಡೆಗೆ’ ಎಂದರೆ ಇನ್ನೂ ಚೆಂದ ಎಂದು ವಾದಿಸಬಹುದು, ನಾನು ವಾದಕ್ಕೆ ಹೋಗಲಿಲ್ಲ. ಹೆದ್ದಾರಿಯ ಸಂಖ್ಯೆಯನ್ನೂ ತೆಗೆದುಹಾಕಿದೆ. ‘ಇನ್ನೂರ ಎಪ್ಪತ್ತೈದು’ ಎಂದು ಯಾರೂ ಕರೆಯುವುದಿಲ್ಲ. ಮಡಿಕೇರಿಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಅದೇ ರಸ್ತೆ ಮೈಸೂರು ರಸ್ತೆ, ಇತ್ತ ತಿರುಗಿದರೆ ಮಂಗಳೂರು ರಸ್ತೆ. ‘ಎರಡನೆಯ ನಿರ್ಗಮನ’ ಎಂಬ ಮಾತು ಕೂಡ ಹೋಯಿತು. ನಮ್ಮ ವೃತ್ತಗಳು ಚಿಕ್ಕವು, “ಸರ್ಕಲ್‌ನಲ್ಲಿ ಬಲಕ್ಕೆ” ಎಂದರೆ ಯಾರಿಗೂ ಅರ್ಥವಾಗುತ್ತದೆ.

ಎಡ, ಬಲ ಎಂದೇ ಇರಲಿ ಎಂದು ಹಟ ಹಿಡಿದದ್ದಕ್ಕೆ ಭಾಷಾಭಿಮಾನ ಕಾರಣವಲ್ಲ. ಎಲ್ಲರೂ ಮಾತಿನಲ್ಲಿ ಲೆಫ್ಟ್, ರೈಟ್ ಎನ್ನುವವರೇ. ಆದರೆ ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ “ರೈಟ್ ರೈಟ್” ಎಂದರೆ ಹೊರಡಿ ಎಂದು ಅರ್ಥ. ಮೂವತ್ತು ವರ್ಷ ಬಸ್ಸು ಓಡಿಸಿದ ಮಾವನ ಗೆಳೆಯರೊಬ್ಬರು “ಮುಂದೆ ರೈಟ್” ಎಂದು ಕೇಳಿದ ಕೂಡಲೇ ಆಕ್ಸಿಲರೇಟರ್ ಒತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಯಾವಾಗ ಹೇಳಬೇಕು ಎಂಬುದು ಏನು ಹೇಳಬೇಕು ಎಂಬುದಕ್ಕಿಂತ ಬೇಗ ಇತ್ಯರ್ಥವಾಯಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 500 ಮೀಟರ್ ಎಂದರೆ 22 ಸೆಕೆಂಡು. ನಮ್ಮ ಒಳರಸ್ತೆಯ 25 ಕಿಲೋಮೀಟರ್ ವೇಗದಲ್ಲಿ ಅದೇ 500 ಮೀಟರ್‌ಗೆ 70 ಸೆಕೆಂಡಿಗೂ ಹೆಚ್ಚು, ನಡುವೆ ನಾಲ್ಕು ಬಳುಕು. ಕೇಳಿದವನು ಮೊದಲ ಗೇಟಿಗೇ ನುಗ್ಗುತ್ತಾನೆ. ದೂರದ ಲೆಕ್ಕ ಬಿಟ್ಟು ಸಮಯದ ಲೆಕ್ಕ ಹಿಡಿದೆ: ಹದಿನೈದು ಸೆಕೆಂಡು ಮೊದಲು ಒಮ್ಮೆ, ಅದೂ ಕೊನೆಯ ಬಳುಕು ಕಳೆದ ಮೇಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ “ಸೋಮವಾರಪೇಟೆ ಕಡೆಗೆ ಹೋಗುವ ರಸ್ತೆಗೆ ಬಲಕ್ಕೆ ತಿರುಗಿ” ಎನ್ನುವಷ್ಟರಲ್ಲಿ ಬಲ ದಾಟಿಹೋಗಿರುತ್ತದೆ. “ಬಲಕ್ಕೆ ತಿರುಗಿ, ಸೋಮವಾರಪೇಟೆ ಕಡೆಗೆ” ಎಂದು ಮಗುಚಿದೆ.

ಇಷ್ಟೆಲ್ಲ ಆದ ಮೇಲೆ ಎಂಟು ಕಿಲೋಮೀಟರಿನಲ್ಲಿ ಫೋನು ಮೂರೇ ಸಲ ಮಾತಾಡಿತು. ನಾನು ಹಿಗ್ಗುತ್ತಿದ್ದರೆ ಮಾವ, “ಇದು ಆಫ್ ಆಗಿದೆಯಾ?” ಎಂದು ಕೇಳಿದರು. ದಾರಿ ಗೊತ್ತಿರುವ ಮನುಷ್ಯನಿಗೇ ಮೌನದಲ್ಲಿ ಅನುಮಾನ ಬಂತು ಎಂದರೆ ಕತ್ತಲಲ್ಲಿ ಬರುವ ಬೆಂಗಳೂರಿನವರ ಗತಿಯೇನು? ತಿರುಗಿದ ಸ್ವಲ್ಪ ಹೊತ್ತಿಗೆ, “ಇದೇ ದಾರಿ, ಇನ್ನು ಮೂರು ಕಿಲೋಮೀಟರ್” ಎಂಬ ಒಂದು ಮಾತು ಸೇರಿಸಿದೆ. ಅತಿಥಿಗಳು ಹೊಗಳಿದ್ದು ಇದೊಂದನ್ನೇ.

ಮಳೆಗಾಲಕ್ಕೆ ಬೇರೆ ಏರ್ಪಾಡು. ಜುಲೈಯಲ್ಲಿ ಕಾವೇರಿ ಉಕ್ಕಿದರೆ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ಇಂಥದ್ದನ್ನು ನಕ್ಷೆಯಲ್ಲಿ ತಿದ್ದಿ ಮತ್ತೆ ಅಳಿಸುವುದು ಸರಿಯಲ್ಲ. ಓಎಸ್ಆರ್‌ಎಂನಲ್ಲಿ ರಸ್ತೆಯ ತುಂಡುಗಳಿಗೆ ಬೇರೆ ವೇಗ ಕೊಡುವ ಒಂದು ಸರಳ ಕಡತಕ್ಕೆ ಅವಕಾಶವಿದೆ. ವೇಗ ಸೊನ್ನೆ ಎಂದು ಬರೆದರೆ ದಾರಿ ಮುಚ್ಚಿತು. ಇಡೀ ಜಿಲ್ಲೆಯ ಲೆಕ್ಕ ಹೊಸದಾಗಲು ನನ್ನ ಲ್ಯಾಪ್‌ಟಾಪಿಗೆ ಕೆಲವು ಸೆಕೆಂಡು ಸಾಕು. ಕಡತ ತುಂಬುವವರು ಮಾವ. ಬೆಳಿಗ್ಗೆ ಜೀಪಿನವರ ವಾಟ್ಸಾಪ್ ಗುಂಪು ನೋಡಿ ನನಗೆ ಹೇಳುತ್ತಾರೆ.

ಸೋತಿರುವುದು ಒಂದು ಕಡೆ. ಇಲ್ಲಿ ಕವಲು ಬಂದರೆ ಜನ “ಮೇಲಿನ ರಸ್ತೆ”, “ಕೆಳಗಿನ ರಸ್ತೆ” ಎನ್ನುತ್ತಾರೆ, ಎಡಬಲಕ್ಕಿಂತ ಅದು ಎಷ್ಟೋ ಸ್ಪಷ್ಟ. 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್‌ನಿಂದ ಅಳೆದ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಜೋಡಿಸಿದೆ. ಅದರ ಒಂದೊಂದು ಚೌಕ ಸುಮಾರು 30 ಮೀಟರ್, ಕವಲಿನ ಎರಡು ರಸ್ತೆಗಳೂ ಒಂದೇ ಚೌಕದೊಳಗೆ ಬೀಳುತ್ತವೆ. ನೂರು ಮೀಟರ್ ಮುಂದೆ ಹೋಗಿ ಅಳೆದರೆ ಬಹುಪಾಲು ಸರಿಬರುತ್ತದೆ. ದಟ್ಟ ಮರಗಳಿರುವ ಕಡೆ ಮಾತ್ರ ರಾಡಾರ್ ಪೂರ್ತಿ ನೆಲ ಮುಟ್ಟುವುದಿಲ್ಲ, ಅದು ಕೊಡುವ ಎತ್ತರದಲ್ಲಿ ಮರದ ಪಾಲೂ ಸೇರಿರುತ್ತದೆ. ನಮ್ಮ ಮನೆಗೆ ಮೊದಲು ಸಿಗುವ ಕವಲಿನಲ್ಲಿ, ತೋಪಿನೊಳಗೆ ಇಳಿಯುವ ರಸ್ತೆಯನ್ನು ಅದು ಈಗಲೂ ಮೇಲಿನ ರಸ್ತೆ ಎನ್ನುತ್ತದೆ. ಅಲ್ಲಿಗೆ ಸದ್ಯಕ್ಕೆ ಮಾವ ಒಂದು ತಗಡಿನ ಫಲಕ ಬರೆಸಿ ಮರಕ್ಕೆ ಕಟ್ಟಿದ್ದಾರೆ, ಬಾಣದ ಗುರುತು ಸಹಿತ.