ಮೋವರ್ ಓಡುತ್ತಾ ಓಡುತ್ತಾ ನಿಲ್ಲುತ್ತಿದೆಯೇ? ಟ್ಯಾಂಕಿನ ವೆಂಟ್ ನೋಡಿ

ಹುಲ್ಲು ಕತ್ತರಿಸುವ ಮೋವರ್ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಉಸಿರುಕಟ್ಟಿದಂತೆ ನಿಂತರೆ, ತಕ್ಷಣ ಕಾರ್ಬೊರೇಟರ್ ಬಿಚ್ಚಬೇಡಿ. ಟ್ಯಾಂಕಿನ ಮುಚ್ಚಳವನ್ನು ನಿಧಾನ ಸಡಿಲಿಸಿ. 'ಸುಸ್' ಎಂದು ಗಾಳಿ ಒಳಗೆ ಹೋಗಿ, ಯಂತ್ರ ಮತ್ತೆ ಸ್ಟಾರ್ಟ್ ಆದರೆ ವೆಂಟ್, ಅಂದರೆ ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ದಾರಿ, ಕಟ್ಟಿಕೊಂಡಿದೆ. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಗಾಳಿ ಬಾರದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ.

ಎಂಜಿನ್ ತಣ್ಣಗಾದ ಮೇಲೆ, ಬೆಂಕಿ-ಕಿಡಿ ಇಲ್ಲದ ಬಯಲಿನಲ್ಲಿ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಟ್ಟು ಕೆಲಸ ಶುರುಮಾಡಿ. ವೆಂಟ್ ಮುಚ್ಚಳದಲ್ಲೇ ಇದ್ದರೆ ಗ್ಯಾಸ್ಕೆಟ್ (ಮುಚ್ಚಳದೊಳಗಿನ ರಬ್ಬರ್ ಬಳೆ) ತೆಗೆದು, ಮುಚ್ಚಳವನ್ನು ಸೋಪಿನ ನೀರಲ್ಲಿ ತೊಳೆದು, ಒಳಗಿನಿಂದ ಹೊರಕ್ಕೆ ಗಾಳಿ ಊದಿ, ಪೂರ್ತಿ ಒಣಗಿಸಿ. ಕಾರ್ಬೊರೇಟರ್ ಕ್ಲೀನರ್ ರಬ್ಬರಿಗೆ ತಾಗಿದರೆ ಅದು ಉಬ್ಬುತ್ತದೆ, ಮತ್ತೆ ಕೂರುವುದಿಲ್ಲ.

ಮುಚ್ಚಳಕ್ಕೆ ತೂತು ಕೊರೆಯುವ ಉಪಾಯ ಬೇಡವೇ ಬೇಡ: ಓರೆ ಮಾಡಿದಾಗ ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಚೆಲ್ಲೀತು, ಮಳೆನೀರೂ ಒಳಗಿಳಿಯುತ್ತದೆ.

ಕೆಲವು ಮಾದರಿಗಳಲ್ಲಿ ವೆಂಟ್ ವಾಲ್ವ್ ಟ್ಯಾಂಕಿನ ಮೇಲೆಯೇ ರಬ್ಬರ್ ಗ್ರಾಮೆಟ್‌ನಲ್ಲಿ (ತೂತಿಗೆ ಕೂರಿಸುವ ರಬ್ಬರ್ ಬಳೆ) ಕೂತಿರುತ್ತದೆ. ಅದರ ಮೂತಿ ಮುರಿದಿದ್ದರೆ ಅಂಟು ಹಾಕಿ ಪ್ರಯೋಜನವಿಲ್ಲ. ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಟ್ಯಾಂಕಿಗೆ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯದು. ಮಾಡೆಲ್ ನಂಬರ್ ನೋಡಿ ವಾಲ್ವ್, ಗ್ರಾಮೆಟ್ ಎರಡನ್ನೂ ಹೊಸದು ಹಾಕಿ. ಟ್ಯಾಂಕ್ ಖಾಲಿ ಮಾಡಿಯೇ ಹಳೆಯದನ್ನು ಕೀಳಿ, ಚೂರು ಒಳಗೆ ಬಿದ್ದರೆ ಹೊರತೆಗೆಯಲು ಆಗ ಸುಲಭ.